ಮಗುವಿನ ಅಳತೆಗೆ ಒಂದು ಶಾಲೆ

ವಿಜಯಪುರದ ಗೋಳಗುಮ್ಮಟದ ಮೇಲಿನ ಸುತ್ತುಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ, ಎದುರು ಬದಿಯಲ್ಲಿ ಸುಮಾರು 38 ಮೀಟರ್ ಆಚೆ ಗೋಡೆಗೆ ಕಿವಿಗೊಟ್ಟು ನಿಂತವರಿಗೆ ಆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಒಂದು ಚಪ್ಪಾಳೆ ಏಳು ಬಾರಿ ಮರುದನಿಸುತ್ತದೆ ಎಂಬುದು ಊರಿನ ವಾಡಿಕೆಯ ಮಾತು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯನ್ನು ನೋಡಲು ಬಂದವರಿಗೆಲ್ಲ ಇದೊಂದು ಮೋಜು. ಆದರೆ ಶಾಲಾ ಪ್ರವಾಸದ ನಾಲ್ಕಾರು ಗುಂಪುಗಳು ಒಟ್ಟಿಗೆ ಕೂಗತೊಡಗಿದಾಗ ದೊಡ್ಡವರೂ ಕಿವಿ ಮುಚ್ಚಿಕೊಂಡು ಮೆಟ್ಟಿಲಿಳಿಯುತ್ತಾರೆ.

ಹೀಗೆ ಇಳಿದು ಹೋಗುವ ಮೆಟ್ಟಿಲೇ ಇಲ್ಲದ ಮಗುವೊಂದನ್ನು ಊಹಿಸಿಕೊಳ್ಳಬಹುದು. ತರಗತಿಯಲ್ಲಿ ಫ್ಯಾನಿನ ಗರಗರ, ಪಕ್ಕದ ಕೋಣೆಯ ಮಗ್ಗಿ, ಬೆಂಚು ಎಳೆದ ಸದ್ದು, ರಸ್ತೆಯ ಹಾರ್ನ್ ಎಲ್ಲವೂ ಒಂದೇ ಎತ್ತರದಲ್ಲಿ ಅದರ ಕಿವಿಗೆ ಬೀಳುತ್ತವೆ. ಅವುಗಳ ನಡುವೆ ಶಿಕ್ಷಕಿಯ ದನಿಯೂ ಒಂದು. ಆ ಒಂದನ್ನೇ ಹೆಕ್ಕಿ ಉಳಿದವನ್ನು ಬದಿಗೆ ಸರಿಸುವ ಕೆಲಸವನ್ನು ಬಹುತೇಕರ ಮಿದುಳು ತಾನಾಗಿ ಮಾಡುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ಅದೇ ದಿನದ ದೊಡ್ಡ ದುಡಿಮೆ.

ಗುಮ್ಮಟದಲ್ಲಿರುವಂತೆ ಇಂಥ ಮಕ್ಕಳ ಮಾತಿನಲ್ಲೂ ಒಂದು ಮರುದನಿ ಇರುವುದುಂಟು. "ನೀರ ಬೇಕೇನು?" ಎಂದು ಅವ್ವ ಕೇಳಿದರೆ ಮಗುವೂ "ನೀರ ಬೇಕೇನು?" ಎನ್ನುತ್ತದೆ. ಕೇಳಿದವರಿಗೆ ಇದು ಅರ್ಥವಿಲ್ಲದ ಗಿಳಿಪಾಠ ಎನಿಸುತ್ತದೆ. ಆದರೆ ಎಷ್ಟೋ ಸಲ ಆ ಮಾತಿನ ಅರ್ಥ "ನನಗೆ ನೀರು ಬೇಕು" ಎಂದೇ ಆಗಿರುತ್ತದೆ. ಹಿಂದೊಮ್ಮೆ ಆ ಮಾತಿನ ಬೆನ್ನಿಗೇ ನೀರು ಬಂದಿತ್ತು. ಆದ್ದರಿಂದ ನೀರು ತರಿಸುವ ಮಾತು ಅದೇ ಎಂದು ಮಗು ಕಲಿತುಕೊಂಡಿದೆ. ಇದನ್ನು ಅರಿತ ಶಿಕ್ಷಕಿಗೆ ಇಲ್ಲಿಂದಲೇ ಪಾಠ ಆರಂಭವಾಗುತ್ತದೆ. ಅರಿಯದವರಿಗೆ ಆ ಮಗು ಪಾಠ ಕಲಿಯಲಾರದ ಮಗುವಾಗಿ ಕಾಣುತ್ತದೆ.

ಈ ಎರಡರಲ್ಲಿ ಯಾವುದು ಆಗಬೇಕು ಎಂಬುದನ್ನು ಬಹುಮಟ್ಟಿಗೆ ಶಾಲೆ ತೀರ್ಮಾನಿಸುತ್ತದೆ. ವಿಜಯಪುರ ನಗರ, ಅದರ ಪಕ್ಕದ ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳಂಥ ಪ್ರದೇಶದಲ್ಲಿ ಆಟಿಸಂ ಇರುವ ಮಕ್ಕಳಿಗಾಗಿ ಶಾಲೆಯೊಂದನ್ನು ರೂಪಿಸಬೇಕಾದರೆ ಅದು ಹೇಗಿರಬೇಕು? ಇದಕ್ಕೆ ಉತ್ತರ ಹುಡುಕುವ ಮುನ್ನ ಆಟಿಸಂ ಎಂಬ ಹೆಸರು ನಡೆದು ಬಂದ ದಾರಿಯನ್ನು ನೋಡುವುದು ಒಳ್ಳೆಯದು.

ಹೆಸರಿನ ಕಥೆ

ಗ್ರೀಕ್ ಭಾಷೆಯ 'ಆಟೋಸ್' ಎಂದರೆ 'ತಾನು'. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಕಳೆದ ಶತಮಾನದ ಆರಂಭದಲ್ಲಿ ಈ ಮೂಲದಿಂದ 'ಆಟಿಸಂ' ಎಂಬ ಪದವನ್ನು ರಚಿಸಿದ್ದು ಸ್ಕಿಜೋಫ್ರೇನಿಯಾದ ಒಂದು ಲಕ್ಷಣವನ್ನು ಹೇಳಲು. ಕನ್ನಡದ ಸರ್ಕಾರಿ ಕಡತಗಳಲ್ಲಿ ಬಳಕೆಯಾಗುವ 'ಸ್ವಲೀನತೆ' ಇದರದೇ ಅನುವಾದ. ತನ್ನಲ್ಲೇ ಲೀನವಾಗಿರುವುದು ಎಂಬ ಅರ್ಥ ಕೊಂಚ ದಾರಿ ತಪ್ಪಿಸುವಂಥದು. ಹೊರಗಿನ ಲೋಕ ಬೇಡವಾಗಿ ಮಗು ಒಳಗೆ ಕುಳಿತಿಲ್ಲ. ಹೊರಗಿನ ಲೋಕ ಅದನ್ನು ಬೇರೊಂದು ಬಗೆಯಲ್ಲಿ, ಅನೇಕ ವೇಳೆ ತೀರಾ ಜೋರಾಗಿ ತಲುಪುತ್ತಿದೆ.

1926ರಲ್ಲಿ ಮಾಸ್ಕೋದ ವೈದ್ಯೆ ಗ್ರೂನ್ಯಾ ಸುಖರೇವಾ ಇಂಥ ಆರು ಹುಡುಗರನ್ನು ಜರ್ಮನ್ ಪತ್ರಿಕೆಯೊಂದರಲ್ಲಿ ವರ್ಣಿಸಿದರು. ಅವರು ಆ ಹುಡುಗರನ್ನು ಗಮನಿಸಿದ್ದು ಚಿಕಿತ್ಸೆಯೂ ಪಾಠವೂ ಒಟ್ಟಿಗೆ ನಡೆಯುತ್ತಿದ್ದ ಶಾಲೆಯಲ್ಲಿ ಎಂಬುದು ಗಮನಾರ್ಹ. ಆ ಬರಹ ಬಹುಕಾಲ ಯಾರ ಕಣ್ಣಿಗೂ ಬೀಳದೆ ಉಳಿಯಿತು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಲಿಯೋ ಕ್ಯಾನರ್ 11 ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಅವರಲ್ಲಿ ಎಂಟು ಗಂಡು, ಮೂರು ಹೆಣ್ಣು. ಮರುವರ್ಷವೇ ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ ಅದೇ ಬಗೆಯ, ಆದರೆ ಚೆನ್ನಾಗಿ ಮಾತಾಡಬಲ್ಲ ಹುಡುಗರ ಬಗ್ಗೆ ಬರೆದರು.

ಆಮೇಲೆ ನಡೆದದ್ದು ವೈದ್ಯಕೀಯದ ಇತಿಹಾಸದ ಒಂದು ದುಃಖದ ಅಧ್ಯಾಯ. ತಂದೆತಾಯಿಯರ, ಅದರಲ್ಲೂ ತಾಯಿಯ ಪ್ರೀತಿಯ ಕೊರತೆಯಿಂದ ಮಗು ಹೀಗಾಗುತ್ತದೆ ಎಂಬ ವಾದ ಬೆಳೆಯಿತು. ಆ ತಾಯಂದಿರಿಗೆ 'ರೆಫ್ರಿಜರೇಟರ್ ತಾಯಿ' ಎಂಬ ಹೆಸರೂ ಬಂತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ ಪುಸ್ತಕ ಈ ವಾದವನ್ನು ಮನೆಮನೆಗೆ ತಲುಪಿಸಿತು. ಆದರೆ ಅದಕ್ಕೂ ಮೂರು ವರ್ಷ ಮೊದಲೇ, ಆಟಿಸಂ ಇದ್ದ ಹುಡುಗನ ತಂದೆಯೂ ಆಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು ಎಂದು ವಾದಿಸಿದ್ದರು. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೇಲ್ ರಟ್ಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿ ಇದರಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದೆಂದು ತೋರಿಸಿದರು. 1998ರಲ್ಲಿ ಲಸಿಕೆಯ ಮೇಲೆ ಹೊರಿಸಿದ ಆರೋಪದ ಗತಿಯೂ ಹೀಗೇ ಆಯಿತು. ಆ ಲೇಖನವನ್ನು 'ಲ್ಯಾನ್ಸೆಟ್' ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು.

ಇಷ್ಟಾದರೂ ದೂರು ತಾಯಿಯ ತಲೆಯಿಂದ ಇಳಿದಿಲ್ಲ. "ಅವರಪ್ಪಗೂ ಮಾತು ತಡಾ ಆಗಿ ಬಂದಿತ್ತು, ಬಿಡು" ಎಂದು ಒಂದಿಬ್ಬರು ಸಮಾಧಾನ ಹೇಳಿದರೆ, "ಟಿವಿ ಮುಂದ ಕುಂಡ್ರಿಸಿ ಬಿಟ್ಟಾಳ" ಎಂದು ಇನ್ನೊಬ್ಬರು ಆಡುತ್ತಾರೆ. ಸಮಾಧಾನದಲ್ಲಿ ಎರಡು ವರ್ಷ, ಹರಕೆಯಲ್ಲಿ ಒಂದು ವರ್ಷ ಕಳೆದು ಹೋಗುತ್ತದೆ. ಮಿದುಳು ಅತ್ಯಂತ ವೇಗವಾಗಿ ಕಲಿಯುವ ವರ್ಷಗಳು ಅವೇ.

ಇಂಗ್ಲೆಂಡಿನ ಲೋರ್ನಾ ವಿಂಗ್ ಮತ್ತು ಜುಡಿತ್ ಗೌಲ್ಡ್ 1979ರಲ್ಲಿ ಪ್ರಕಟಿಸಿದ ಸಮೀಕ್ಷೆಯ ನಂತರ ಆಟಿಸಂ ಎಂಬುದು ಒಂದೇ ಅಚ್ಚಿನ ರೋಗವಲ್ಲ, ಹಲವು ಬಣ್ಣಗಳಾಗಿ ಹರಡಿಕೊಂಡ ಸ್ಥಿತಿ ಎಂಬ ತಿಳಿವಳಿಕೆ ಬಲಗೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನ ಪ್ರತಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. 2011ರ ಜನಗಣತಿಯಂತೆ ವಿಜಯಪುರ ಜಿಲ್ಲೆಯ ಜನಸಂಖ್ಯೆ 21.77 ಲಕ್ಷ. ಅದೇ ಪ್ರಮಾಣವನ್ನು ಇಲ್ಲಿಗೂ ಅನ್ವಯಿಸಿದರೆ ಎಲ್ಲ ವಯಸ್ಸಿನವರೂ ಸೇರಿ 17 ಸಾವಿರದಷ್ಟು ಜನ ಆಗುತ್ತಾರೆ. ಇದು ಎಣಿಸಿದ ಲೆಕ್ಕವಲ್ಲ, ಬರಿಯ ಭಾಗಾಕಾರ. ಆದರೂ ಪ್ರಶ್ನೆ ನಾಲ್ಕಾರು ಮನೆಗಳದ್ದಲ್ಲ ಎಂಬುದನ್ನು ಅದು ತಿಳಿಸುತ್ತದೆ.

ಒಬ್ಬೊಬ್ಬರಿಗೂ ಒಂದು ಪಾಠ

ಆಟಿಸಂ ಮಕ್ಕಳಿಗೂ ಶಾಲೆ ಸಾಧ್ಯ ಎಂಬುದನ್ನು ಮೊದಲು ತೋರಿಸಿದವರಲ್ಲಿ ಲಂಡನ್ನಿನ ಸಿಬಿಲ್ ಎಲ್ಗರ್ ಒಬ್ಬರು. ಮಾಂಟೆಸರಿ ತರಬೇತಿ ಪಡೆದಿದ್ದ ಆಕೆ 1960ರ ದಶಕದ ಆರಂಭದಲ್ಲಿ ತಮ್ಮ ಮನೆಯಲ್ಲೇ ಇಂಥ ಮಕ್ಕಳಿಗೆ ಕಲಿಸತೊಡಗಿದರು. 1965ರಲ್ಲಿ ಪೋಷಕರ ಸಂಘದ ನೆರವಿನಿಂದ ಈಲಿಂಗ್‌ನಲ್ಲಿ ಶಾಲೆಯೇ ಆರಂಭವಾಯಿತು. ಕಡಿಮೆ ಮಾತು, ಸ್ಪಷ್ಟ ಸೂಚನೆ, ದಿನಕ್ಕೊಂದು ಗಟ್ಟಿ ಚೌಕಟ್ಟು ಆಕೆಯ ವಿಧಾನ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ 1972ರಿಂದ ನಡೆಸಿದ 'ಟೀಚ್' ಕಾರ್ಯಕ್ರಮ ಇದನ್ನು ಮುಂದುವರಿಸಿತು. ಮುಂದೇನು ಎಂಬುದನ್ನು ಬಾಯಲ್ಲಿ ಹೇಳುವ ಬದಲು ಕಣ್ಣಿಗೆ ತೋರಿಸುವುದು, ಪ್ರತಿ ಕೆಲಸಕ್ಕೂ ಒಂದು ಜಾಗ ಮೀಸಲಿಡುವುದು, ತಂದೆತಾಯಿಯರನ್ನು ಜೊತೆಗಾರರಾಗಿ ಕಾಣುವುದು ಅದರ ಮುಖ್ಯ ಸೂತ್ರಗಳು. 1985ರಲ್ಲಿ ಆ್ಯಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ 'ಪೆಕ್ಸ್' ವಿಧಾನದಲ್ಲಿ ಮಾತು ಬಾರದ ಮಗು ತನಗೆ ಬೇಕಾದುದರ ಚಿತ್ರವನ್ನು ಎದುರಿಗಿರುವವರ ಕೈಗೆ ಕೊಟ್ಟು ಕೇಳಲು ಕಲಿಯುತ್ತದೆ.

ಎಲ್ಲ ದಾರಿಗಳೂ ಮೃದುವಾಗಿರಲಿಲ್ಲ. ಲಾಸ್ ಏಂಜಲೀಸ್‌ನ ಐವಾರ್ ಲೊವಾಸ್ ವರ್ತನೆಯನ್ನು ತಿದ್ದುವ ತೀವ್ರ ತರಬೇತಿಯ ಫಲಿತಾಂಶಗಳನ್ನು 1987ರಲ್ಲಿ ಪ್ರಕಟಿಸಿದಾಗ ಜಗತ್ತು ಬೆರಗಾಯಿತು: ವಾರಕ್ಕೆ 40 ಗಂಟೆಗಳ ಪಾಠ, 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಗೆ. ಆದರೆ ಆ ಪ್ರಯೋಗಗಳ ಆರಂಭದ ವರ್ಷಗಳಲ್ಲಿ ಹೊಡೆತ ಮತ್ತು ವಿದ್ಯುತ್ ಆಘಾತಗಳೂ ಬಳಕೆಯಾಗಿದ್ದವು. ಆಟಿಸಂ ಇದ್ದುಕೊಂಡೇ ಬೆಳೆದು ದೊಡ್ಡವರಾದವರು ಮುಂದೆ ಇದನ್ನು ಕಟುವಾಗಿ ಪ್ರಶ್ನಿಸಿದರು. ಕೈ ಅಲ್ಲಾಡಿಸುವುದನ್ನು ನಿಲ್ಲಿಸಿ ಕಣ್ಣಲ್ಲಿ ಕಣ್ಣಿಟ್ಟು ನೋಡುವಂತೆ ಮಾಡಿದರೆ ಯಾರಿಗೆ ಲಾಭ ಎಂಬುದು ಅವರ ಪ್ರಶ್ನೆ. ಕಲಿಸುವುದು ಮಗುವಿನ ಬದುಕು ಸುಲಭವಾಗಲೆಂದೋ, ನೋಡುವವರ ಮುಜುಗರ ಕಡಿಮೆಯಾಗಲೆಂದೋ? ಇಂಥ ಶಾಲೆಯನ್ನು ಕಟ್ಟುವವರು ಮೊದಲ ದಿನವೇ ಇದಕ್ಕೆ ಉತ್ತರ ಹೇಳಿಕೊಳ್ಳಬೇಕಾಗುತ್ತದೆ.

ಒಂದೇ ವಯಸ್ಸಿನ ಇಬ್ಬರು ಮಕ್ಕಳನ್ನು ಊಹಿಸಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಇಬ್ಬರಿಗೂ ಐದು ವರ್ಷ. ಒಬ್ಬನಿಗೆ ಬಸ್ಸಿನ ಬೋರ್ಡುಗಳೆಲ್ಲ ಓದಲು ಬರುತ್ತದೆ, ಜಾಹೀರಾತುಗಳ ಮಾತು ಬಾಯಿಪಾಠ. ಆದರೆ ಯಾರಾದರೂ ಮೈ ಮುಟ್ಟಿದರೆ ಕಿರುಚುತ್ತಾನೆ. ಇನ್ನೊಬ್ಬಳಿಗೆ ಒಂದು ಮಾತೂ ಬಾರದು. ನಲ್ಲಿ ಕಂಡರೆ ಬಿಡಿಸಿ ನೀರಿನಡಿ ನಿಲ್ಲುತ್ತಾಳೆ, ಬಿಗಿಯಾಗಿ ಅಪ್ಪಿಕೊಂಡರೆ ಶಾಂತಳಾಗುತ್ತಾಳೆ. ಭಾರತದಲ್ಲಿ ಪ್ರಮಾಣಪತ್ರಕ್ಕಾಗಿ ಬಳಸುವ 'ಇಸಾ' ಮಾಪನದಲ್ಲಿ 40 ಅಂಶಗಳಿವೆ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70ರಿಂದ 106 ಬಂದರೆ ಅಲ್ಪ, 107ರಿಂದ 153 ಬಂದರೆ ಮಧ್ಯಮ, ಅದಕ್ಕೂ ಮೇಲಾದರೆ ತೀವ್ರ. ಈ ಇಬ್ಬರು ಮಕ್ಕಳಿಗೂ ಒಂದೇ ಅಂಕ ಬರಬಹುದು. ಆದರೆ ಒಬ್ಬನಿಗೆ ಹೊಂದುವ ಪಾಠ ಇನ್ನೊಬ್ಬಳಿಗೆ ಹಿಂಸೆಯಾದೀತು. ಅಂಕ ಸವಲತ್ತಿನ ಬಾಗಿಲು ತೆರೆಯುತ್ತದೆಯೇ ಹೊರತು ನಾಳೆ ಬೆಳಿಗ್ಗೆ ಏನು ಕಲಿಸಬೇಕೆಂದು ಹೇಳುವುದಿಲ್ಲ.

ಅದನ್ನು ಹೇಳುವುದು ವೈಯಕ್ತಿಕ ಶಿಕ್ಷಣ ಯೋಜನೆ. ಅಮೆರಿಕ 1975ರ ಕಾಯ್ದೆಯಿಂದ ಪ್ರತಿ ವಿಶೇಷ ಮಗುವಿಗೂ ಇದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಚೆನ್ನೈನ ವಿಜಯ್ ಹ್ಯೂಮನ್ ಸರ್ವಿಸಸ್ ರೂಪಿಸಿದ ಮದರಾಸು ಪದ್ಧತಿ 18 ವಿಭಾಗಗಳಲ್ಲಿ ತಲಾ 20ರಂತೆ 360 ಕೌಶಲಗಳನ್ನು ಪಟ್ಟಿ ಮಾಡಿ, ಮಗುವಿಗೆ ಯಾವುದು ಬರುತ್ತದೆ, ಮುಂದಿನದು ಯಾವುದು ಎಂಬುದನ್ನು ಗುರುತಿಸುವ ದಾರಿ ಹಾಕಿತು. ಒಳ್ಳೆಯ ಯೋಜನೆಯ ಗುಟ್ಟು ಅದರ ಭಾಷೆಯಲ್ಲಿದೆ. "ಸಂವಹನ ಸುಧಾರಿಸುವುದು" ಎಂದು ಬರೆದರೆ ಅದು ಕಡತದ ಮಾತು. "ಬಾಯಾರಿದಾಗ ಲೋಟದ ಚಿತ್ರವನ್ನು ತಂದು ದೊಡ್ಡವರ ಕೈಗೆ ಕೊಡುವುದು, ಐದು ಸಲದಲ್ಲಿ ನಾಲ್ಕು ಸಲ" ಎಂದು ಬರೆದರೆ ಮೂರು ತಿಂಗಳ ಬಳಿಕ ಅದು ಆಯಿತೇ ಇಲ್ಲವೇ ಎಂದು ಅಜ್ಜಿಯೂ ಹೇಳಬಲ್ಲಳು.

ಯೋಜನೆ ಸಿದ್ಧವಾಗಲು ಮೊದಲ ಕೆಲವು ವಾರ ಗಮನಿಸುವುದೇ ಕೆಲಸ. ಎಲ್ಲಕ್ಕೂ ಮೊದಲು ಶ್ರವಣ ಪರೀಕ್ಷೆ ಆಗಬೇಕು. ಕೇಳಿಸದ ಮಗುವಿಗೂ ಕರೆದರೆ ತಿರುಗಿ ನೋಡದ ಆಟಿಸಂ ಮಗುವಿಗೂ ಹೊರನೋಟಕ್ಕೆ ವ್ಯತ್ಯಾಸ ತಿಳಿಯದು. ಫಿಟ್ಸ್ ಇದೆಯೇ, ನಿದ್ದೆ ಹೇಗೆ, ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ ಎಂಬುದೆಲ್ಲ ಗೊತ್ತಾಗಬೇಕು. ಬಳಿಕ ವಾಕ್ ಚಿಕಿತ್ಸಕರು, ಆಕ್ಯುಪೇಷನಲ್ ಥೆರಪಿಸ್ಟ್, ವಿಶೇಷ ಶಿಕ್ಷಕಿ, ಮನಶ್ಶಾಸ್ತ್ರಜ್ಞರು ಒಂದೇ ಮೇಜಿನ ಸುತ್ತ ಕುಳಿತು ತಾಯಿಯ ಎದುರಿಗೇ ಯೋಜನೆ ಬರೆಯಬೇಕು. ನಾಲ್ವರು ನಾಲ್ಕು ಕಡೆ ಎಳೆದರೆ ಮಗುವಿಗೆ ಸಿಗುವುದು ನಾಲ್ಕು ತುಂಡು ಪಾಠ. ಆಟಿಸಂ ಅನ್ನು ಗುಣಪಡಿಸುವ ಔಷಧಿ ಇಲ್ಲ. ಕಾಂಡಕೋಶ ಚಿಕಿತ್ಸೆಯನ್ನು ಇದಕ್ಕೆ ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟಪಡಿಸಿದೆ. ಹೊಲ ಮಾರಿ ಅಂಥ ಚಿಕಿತ್ಸೆಯ ಬೆನ್ನು ಹತ್ತದಂತೆ ತಂದೆತಾಯಿಯರನ್ನು ಎಚ್ಚರಿಸುವುದೂ ಶಾಲೆಯ ಕೆಲಸವೇ.

ಕನ್ನಡ ನಾಡಿನ ಅನುಭವ

ಈ ಕೆಲಸಕ್ಕೆ ಕರ್ನಾಟಕ ಹೊಸದೇನಲ್ಲ. 1960ರ ದಶಕದಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೆಲ್ಲ ವಾಕ್ ಚಿಕಿತ್ಸಕರನ್ನು ತಯಾರು ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. 1991ರಲ್ಲಿ ದೆಹಲಿಯಲ್ಲಿ ಪೋಷಕರ ಮುಂದಾಳತ್ವದ 'ಆ್ಯಕ್ಷನ್ ಫಾರ್ ಆಟಿಸಂ' ಹುಟ್ಟಿದ ಬೆನ್ನಿಗೆ, 1995ರಲ್ಲಿ ಬೆಂಗಳೂರಿನಲ್ಲಿ 'ಆಶಾ' ಅಕಾಡೆಮಿ ಆಟಿಸಂ ಮಕ್ಕಳಿಗಾಗಿಯೇ ಆರಂಭವಾಯಿತು. ಮೈಸೂರಿನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿದ್ದ ಡಾ. ಪ್ರತಿಭಾ ಕಾರಂತ್ 2000ದಲ್ಲಿ ಬೆಂಗಳೂರಿನಲ್ಲಿ ರೂಪಿಸಿದ 'ಕಾಂ ಡೀಲ್' ಕಾರ್ಯಕ್ರಮ ಆರು ವರ್ಷದೊಳಗಿನ ಮಕ್ಕಳಿಗಾಗಿ. ಮಾತು, ಗ್ರಹಿಕೆ, ಕೈಚಳಕ, ನಡಿಗೆ, ದಿನಚರಿ, ಬುದ್ಧಿ, ಬೆರೆಯುವಿಕೆ, ಭಾವನೆ ಹೀಗೆ ಎಂಟು ದಿಕ್ಕುಗಳಲ್ಲಿ ಮಗುವಿನ ಬೆಳವಣಿಗೆಯನ್ನು ಅಳೆದು, ಚಿಕ್ಕ ಗುಂಪಿನಲ್ಲಿ ಹಲವು ಬಗೆಯ ತಜ್ಞರು ಒಟ್ಟಾಗಿ ಕಲಿಸುವುದು ಅದರ ವಿಶೇಷ. ಮಗು ಸಾಮಾನ್ಯ ಶಾಲೆ ಸೇರುವುದು ಅದರ ಗುರಿ.

ಕಾನೂನು ನಿಧಾನವಾಗಿ ಹಿಂದೆ ಬಂತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು. ಅದರಡಿಯ 'ನಿರಾಮಯ' ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚವನ್ನು, ಥೆರಪಿಯನ್ನೂ ಒಳಗೊಂಡು, ಭರಿಸುವ ಯೋಜನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಆಟಿಸಂ ಸೇರಿತು. ನಿಗದಿತ ಪ್ರಮಾಣದ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲೋ, ತಾವು ಬಯಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಈಗ ಹಕ್ಕು.

ಆದರೆ ಹಕ್ಕಿಗೂ ಮನೆಗೂ ನಡುವೆ ದೂರ ಎಂಬುದೊಂದಿದೆ. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ವಿಜಯಪುರದ ಮೂಲಕ ಬೆಂಗಳೂರು, ಮೈಸೂರಿಗೆ ಹೋಗುತ್ತದೆ. ಬೆಂಗಳೂರಿಗೇ ಐನೂರಕ್ಕೂ ಹೆಚ್ಚು ಕಿಲೋಮೀಟರ್. ಗದ್ದಲ ತಾಳದ ಮಗುವನ್ನು ರಾತ್ರಿಯಿಡೀ ರೈಲಿನಲ್ಲಿ ಕೂಡಿಸಿಕೊಂಡು ಹೋಗಿ, ಲಾಡ್ಜಿನಲ್ಲಿ ಉಳಿದು, ಮೂರು ದಿನದ ಪರೀಕ್ಷೆ ಮುಗಿಸಿ, ಇಂಗ್ಲಿಷಿನಲ್ಲಿ ಟೈಪ್ ಮಾಡಿದ ನಾಲ್ಕು ಪುಟಗಳೊಂದಿಗೆ ಮರಳಿದರೆ ಮುಂದೇನು? ಥೆರಪಿ ಎಂಬುದು ಶಸ್ತ್ರಚಿಕಿತ್ಸೆಯಂತೆ ಒಮ್ಮೆ ಮಾಡಿಸಿ ಬರುವ ಕೆಲಸವಲ್ಲ. ಅದು ದಿನಾ ಆಗಬೇಕು, ವರ್ಷಗಟ್ಟಲೆ ಆಗಬೇಕು. ಆದ್ದರಿಂದ ಶಾಲೆ ಊರಿಗೆ ಬರಬೇಕು.

ಕಟ್ಟೆ, ಪಡಸಾಲೆ, ನಡುಮನೆ

ಕೈರೋದ ವಾಸ್ತುಶಿಲ್ಪಿ ಮಗ್ದಾ ಮುಸ್ತಫಾ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಗತಿಯ ಸದ್ದನ್ನು ತಗ್ಗಿಸಿ ಜಾಗಗಳನ್ನು ಕ್ರಮವಾಗಿ ಜೋಡಿಸಿದಾಗ ಆಟಿಸಂ ಮಕ್ಕಳ ಗಮನ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ತೋರಿಸಿದರು. ಮುಂದೆ ಅವರು ಏಳು ಅಂಶಗಳ ಮಾರ್ಗಸೂಚಿಯನ್ನೂ ರೂಪಿಸಿದರು: ಸದ್ದಿನ ನಿಯಂತ್ರಣ, ಜಾಗಗಳ ಕ್ರಮ, ತಪ್ಪಿಸಿಕೊಂಡು ಕೂರಲು ಒಂದು ಮೂಲೆ, ಕೆಲಸಕ್ಕೊಂದು ವಿಭಾಗ, ನಡುವೆ ಸಂಕ್ರಮಣದ ಜಾಗ, ಗದ್ದಲದ ಮತ್ತು ಶಾಂತ ವಲಯಗಳ ಬೇರ್ಪಡೆ, ಸುರಕ್ಷತೆ.

ಇವುಗಳಲ್ಲಿ ಕೆಲವು ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಮೊದಲೇ ಇದ್ದವು. ಬೀದಿಯಿಂದ ಬಂದವರು ಮೊದಲು ಕಟ್ಟೆಯ ಮೇಲೆ ಕೂರುತ್ತಾರೆ, ಬಳಿಕ ಪಡಸಾಲೆ, ಆಮೇಲೆ ನಡುಮನೆ, ಕೊನೆಗೆ ಅಡುಗೆಮನೆ ಮತ್ತು ದೇವರಮನೆ. ಒಂದೊಂದು ಹೊಸ್ತಿಲು ದಾಟಿದಂತೆ ಬೆಳಕು ಇಳಿಯುತ್ತದೆ, ಸದ್ದು ತಗ್ಗುತ್ತದೆ. ಶಾಲೆಯ ಬಾಗಿಲು ನೇರವಾಗಿ ತರಗತಿಗೆ ತೆರೆದುಕೊಳ್ಳುವ ಬದಲು ಹೀಗೆ ಮೂರು ಹೆಜ್ಜೆಗಳಲ್ಲಿ ಒಳಗೆ ಕರೆದೊಯ್ದರೆ, ಬಸ್ಸಿಳಿದು ಗಾಬರಿಯಲ್ಲಿ ಬಂದ ಮಗುವಿಗೆ ಸಾವರಿಸಿಕೊಳ್ಳಲು ಹೊತ್ತು ಸಿಗುತ್ತದೆ. ದಪ್ಪ ಕಲ್ಲುಗೋಡೆ ಬೇಸಿಗೆಯ 40 ಡಿಗ್ರಿ ದಾಟುವ ಬಿಸಿಲನ್ನೂ ರಸ್ತೆಯ ಸದ್ದನ್ನೂ ತಡೆಯುತ್ತದೆ. ತಗಡಿನ ಶೀಟು ಈ ಎರಡಕ್ಕೂ ಶತ್ರು; ಮಳೆ ಬಂದರೆ ಅದರಡಿ ಪಾಠವೇ ನಡೆಯದು.

ಆದರೆ ಕಲ್ಲಿಗೆ ಒಂದು ದೋಷವಿದೆ, ಗೋಳಗುಮ್ಮಟವೇ ಅದಕ್ಕೆ ಸಾಕ್ಷಿ. ನುಣುಪಾದ ಗೋಡೆ, ಪರಸಿ ಕಲ್ಲಿನ ನೆಲ, ಎತ್ತರದ ಬರಿಯ ಚಾವಣಿ ಸೇರಿದರೆ ಸದ್ದು ಸಾಯುವುದಿಲ್ಲ. ಇದಕ್ಕೆ ದುಬಾರಿ ಸಾಮಗ್ರಿಯೇ ಬೇಕೆಂದಿಲ್ಲ. ನೆಲಕ್ಕೆ ದಪ್ಪ ಜಮಖಾನೆ, ಗೋಡೆಗೆ ಹಳೆಯ ಸೀರೆಗಳಿಂದ ಹೊಲಿದ ಕೌದಿ, ಕುರ್ಚಿಯ ಕಾಲಿಗೆ ರಬ್ಬರ್, ಚಿಕ್ಕ ಕೋಣೆಗಳಲ್ಲಿ ತಗ್ಗಿದ ಚಾವಣಿ ಇದ್ದರೆ ಬಹುಪಾಲು ಮರುದನಿ ಇಂಗುತ್ತದೆ. ಮಿನುಗುವ ಹಳೆಯ ಟ್ಯೂಬ್‌ಲೈಟಿನ ಬದಲು ಸ್ಥಿರವಾದ ಬೆಳಕು, ಉತ್ತರದ ಕಿಟಕಿ, ಗೋಡೆಗೆ ಒಂದೇ ತಿಳಿ ಬಣ್ಣ ಸಾಕು. ಶಾಲೆಗಳ ಗೋಡೆಗಳ ಮೇಲೆ ಪ್ರೀತಿಯಿಂದ ಬರೆಸುವ ಪ್ರಾಣಿ, ಪಕ್ಷಿ, ವರ್ಣಮಾಲೆಗಳ ಸಂತೆ ಇಲ್ಲಿ ಬೇಡ. ಪಾಠ ಹೇಳುವ ಚಿತ್ರ ಒಂದೇ ಗೋಡೆಯ ಮೇಲಿದ್ದರೆ ಮಗುವಿಗೆ ಅದು ಕಾಣುತ್ತದೆ.

ಇನ್ನೊಂದು ಗೋಡೆಯ ಮೇಲೆ ದಿನದ ಸಾಲು ಇರಬೇಕು. ಚಿತ್ರ ತಿಳಿಯದ ಮಗುವಿಗೆ ವಸ್ತುವೇ ಚಿತ್ರ: ತಟ್ಟೆ ಕೈಗೆ ಬಂದರೆ ಊಟ, ಚಪ್ಪಲಿ ಬಂದರೆ ಹೊರಗೆ ಆಟ, ಚೀಲ ಬಂದರೆ ಮನೆಗೆ. ಮುಂದೇನು ಎಂಬುದು ಗೊತ್ತಾದರೆ ಹಟ, ಕಿರುಚಾಟಗಳು ಎಷ್ಟೋ ಕಡಿಮೆಯಾಗುತ್ತವೆ. ಬೇವಿನ ಮರದಡಿ ಪಂಚಮಿಯ ಜೋಕಾಲಿ ವರ್ಷವಿಡೀ ಇರಲಿ. ಮೈಯ ಸಮತೋಲ ಮತ್ತು ಸ್ಪರ್ಶದ ಅರಿವನ್ನು ತಿದ್ದಲು ಅಮೆರಿಕದ ಜೀನ್ ಏರ್ಸ್ 1970ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯಲ್ಲಿ ತೂಗಾಟಕ್ಕೆ ದೊಡ್ಡ ಸ್ಥಾನವಿದೆ. ಸುಮ್ಮನೆ ಕೂರಲು ಒಂದು ಪುಟ್ಟ ಕೋಣೆ ಬೇಕು. ಅದಕ್ಕೆ ಚಿಲಕ ಇರಬಾರದು; ಅದು ಶಿಕ್ಷೆಯ ಕೋಣೆಯಾದ ದಿನ ಶಾಲೆ ತನ್ನ ಕೆಲಸದಲ್ಲಿ ಸೋತಂತೆ.

ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ಆಟಿಸಂ ಇರುವ ಅನೇಕ ಮಕ್ಕಳಿಗೆ ನೀರಿನ ಸೆಳೆತ ಬಹಳ. ಹೇಳದೆ ಕೇಳದೆ ಓಡಿಹೋಗುವ ಅಭ್ಯಾಸವೂ ಉಂಟು. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳಿವೆ, ತೆರೆದ ಬಾವಿಗಳಿವೆ, ಕಾಲುವೆಗಳಿವೆ. ಹೊಂಡದ ಜಾರುವ ಅಂಚಿನಿಂದ ದೊಡ್ಡವರೂ ಮೇಲೆ ಬರುವುದು ಕಷ್ಟ. ಶಾಲೆಗೆ ಎತ್ತರದ ಬೇಲಿ, ಎರಡು ಗೇಟು ಇರಬೇಕು. ಜೊತೆಗೆ ಮನೆಯ ಸುತ್ತಲಿನ ಹೊಂಡಕ್ಕೆ ಬೇಲಿ ಹಾಕಿಸುವುದು, "ನಿಲ್ಲು" ಎಂದರೆ ನಿಲ್ಲುವುದನ್ನು ಕಲಿಸುವುದು ಪ್ರತಿ ಮಗುವಿನ ಯೋಜನೆಯ ಮೊದಲ ಪುಟದಲ್ಲೇ ಬರಬೇಕು.

ತಿಕೋಟಾ ಮತ್ತು ಬಬಲೇಶ್ವರ

ಹೀಗೆ ಎಲ್ಲ ಅನುಕೂಲಗಳ ಒಂದು ಕಟ್ಟಡವನ್ನು ವಿಜಯಪುರದಲ್ಲಿ ಕಟ್ಟಿದರೆ ಕೆಲಸ ಮುಗಿಯಿತೇ? ನಗರದಲ್ಲಿ ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳು ಇವೆ. ಪರೀಕ್ಷೆ, ಪ್ರಮಾಣಪತ್ರ, ತಜ್ಞರ ಸಲಹೆಗೆ ಅದೇ ಸರಿಯಾದ ಜಾಗ. ಆದರೆ ತಿಕೋಟಾ, ಬಬಲೇಶ್ವರ ಎರಡೂ ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಹೊನವಾಡ, ಬಿಜ್ಜರಗಿ, ಮಮದಾಪುರದಂಥ ಊರುಗಳು ಇನ್ನೂ ಆಚೆ. ಮುಕ್ಕಾಲು ಗಂಟೆಯ ಥೆರಪಿಗಾಗಿ ವಾರಕ್ಕೆ ಮೂರು ಸಲ ಬಸ್ಸು ಹತ್ತುವ ತಾಯಿ ವಾರಕ್ಕೆ ಮೂರು ದಿನದ ಕೂಲಿ ಬಿಡುತ್ತಾಳೆ. ಎರಡು ತಿಂಗಳಲ್ಲಿ ಆಕೆ ಬರುವುದು ನಿಲ್ಲುತ್ತದೆ. ಕಡತದಲ್ಲಿ "ಪೋಷಕರ ಸಹಕಾರವಿಲ್ಲ" ಎಂದು ದಾಖಲಾಗುತ್ತದೆ.

ಆದ್ದರಿಂದ ಶಾಲೆಗೆ ನಗರದಲ್ಲಿ ಒಂದು ಬೇರು, ಎರಡು ತಾಲ್ಲೂಕು ಊರುಗಳಲ್ಲಿ ಎರಡು ಟೊಂಗೆ, ಮನೆಗಳಲ್ಲಿ ಎಲೆಗಳು ಇರಬೇಕು. ಇದು ಬರಿಯ ಆಸೆಯಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಂದಿಗೆ ನಡೆದ ಪ್ರಯೋಗವೊಂದರ ಫಲಿತಾಂಶ 2016ರಲ್ಲಿ 'ಲ್ಯಾನ್ಸೆಟ್ ಸೈಕಿಯಾಟ್ರಿ'ಯಲ್ಲಿ ಪ್ರಕಟವಾಯಿತು. ಅಲ್ಲಿ ತಾಯಂದಿರಿಗೆ ಕಲಿಸಿದವರು ತಜ್ಞರಲ್ಲ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು. ಮಗು ಏನು ಮಾಡುತ್ತಿದೆಯೋ ಅದನ್ನು ಗಮನಿಸಿ ಅದಕ್ಕೆ ತಕ್ಕಂತೆ ಸ್ಪಂದಿಸುವುದನ್ನು ಪೋಷಕರು ಕಲಿತರು. ಮಕ್ಕಳು ತಾವಾಗಿಯೇ ಸಂವಹನಕ್ಕೆ ತೊಡಗುವುದು ಹೆಚ್ಚಿತು. ನಮ್ಮಲ್ಲಿ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಎಂಬ ವ್ಯವಸ್ಥೆ ಇದೆ. ಅಂಗನವಾಡಿಗಳಲ್ಲಿ ವಿಕಲಚೇತನ ಮಕ್ಕಳನ್ನು ಬೇಗ ಗುರುತಿಸಿ ಸೇರಿಸಿಕೊಳ್ಳಲು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದ, ಒಂದೂವರೆ ವರ್ಷವಾದರೂ ಬೆರಳು ತೋರಿಸಿ ಕೇಳದ ಮಗುವನ್ನು ಮೊದಲು ಕಾಣುವವಳು ಅಂಗನವಾಡಿ ಕಾರ್ಯಕರ್ತೆಯೇ.

ಭಾಷೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಪೇಟೆಯಿಂದ ತಂದ ಚಿತ್ರದ ಕಾರ್ಡಿನಲ್ಲಿ ತಾಯಿಯ ಕೆಳಗೆ 'ಅಮ್ಮ' ಎಂದಿರುತ್ತದೆ. ಈ ಭಾಗದ ಮಗುವಿಗೆ ತಾಯಿ ಎಂದರೆ 'ಅವ್ವ'. ಕೆಲವು ಮನೆಗಳಲ್ಲಿ 'ಅಮ್ಮ' ಎಂದರೆ ಅಜ್ಜಿ. ಬೇರೆ ಮಕ್ಕಳು ಇದನ್ನು ಕ್ಷಣದಲ್ಲಿ ಸರಿಪಡಿಸಿಕೊಳ್ಳುತ್ತಾರೆ. ಒಂದು ಪದಕ್ಕೆ ಒಂದೇ ಅರ್ಥ ಹಿಡಿದು ನಡೆಯುವ ಮಗು ಅಲ್ಲೇ ನಿಂತುಬಿಡುತ್ತದೆ. ಊಟದ ಕಾರ್ಡಿನಲ್ಲಿ ಇಡ್ಲಿ ಇದ್ದರೆ ರೊಟ್ಟಿ ತಿನ್ನುವ ಮಗುವಿಗೆ ಅದು ಊಟವೇ ಅಲ್ಲ. ಮನೆಯ ಲೋಟ, ಮನೆಯ ತಟ್ಟೆ, ಮನೆಯವರ ಫೋಟೋ ತೆಗೆದು ಅಲ್ಲೇ ಕಾರ್ಡು ಮಾಡಬೇಕು. ತಾಂಡಾದ ಮಗುವಿಗೆ ಲಂಬಾಣಿ, ನಗರದ ಎಷ್ಟೋ ಮನೆಗಳಲ್ಲಿ ದಖನಿ ಉರ್ದು, ಜತ್ತದ ಗಡಿಯ ಕಡೆ ಮರಾಠಿ. ಎರಡು ಭಾಷೆ ಕೇಳಿದರೆ ಮಗು ಗೊಂದಲಕ್ಕೀಡಾಗುತ್ತದೆ, ಮನೆಮಾತು ಬಿಡಿ ಎಂಬ ಸಲಹೆಗೆ ಆಧಾರವಿಲ್ಲ. ದ್ವಿಭಾಷೆಯ ಮನೆಗಳ ಆಟಿಸಂ ಮಕ್ಕಳ ಮಾತು ಅದರಿಂದ ಹಿಂದೆ ಬೀಳುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಅವ್ವ ತನ್ನ ಭಾಷೆ ಬಿಟ್ಟರೆ ಮಗುವಿನೊಡನೆ ಆಕೆಯ ಮಾತೇ ಕಡಿಮೆಯಾಗುತ್ತದೆ, ಅಷ್ಟೆ.

ಕಬ್ಬು ಕಡಿಯುವ ಕಾಲದಲ್ಲಿ ತಾಂಡಾಗಳಿಂದ ಕುಟುಂಬಗಳು ಗುಳೆ ಹೋಗುತ್ತವೆ. ಆಗ ಮಗುವಿನ ಯೋಜನೆಯೂ ಜೊತೆಗೆ ಹೋಗುವಂತಿರಬೇಕು: ದಾರಕ್ಕೆ ಪೋಣಿಸಿದ ಹತ್ತು ಚಿತ್ರಗಳು, ದಿನಕ್ಕೆ ಮೂರು ಆಟಗಳು, ಫೋನಿನಲ್ಲಿ ವಾರಕ್ಕೊಂದು ಮಾತು. ಶಾಲೆಯ ಗೋಡೆಯೊಳಗೆ ಮಾತ್ರ ಬದುಕುವ ಪಾಠ ಇಂಥ ಮಗುವಿಗೆ ಪಾಠವಲ್ಲ.

ದೊಡ್ಡವರಾದ ಮೇಲೆ

ಆಟಿಸಂ ಮಕ್ಕಳೂ ದೊಡ್ಡವರಾಗುತ್ತಾರೆ ಎಂಬುದನ್ನು ಶಾಲೆಗಳು ಮರೆಯುವುದುಂಟು. ಕೆಲವರು ಪಕ್ಕದ ಸರ್ಕಾರಿ ಕನ್ನಡ ಶಾಲೆಗೆ ಹೋಗಬಲ್ಲರು. ಶಿಕ್ಷಕಿಗೆ ಒಂದಿಷ್ಟು ತರಬೇತಿ, ಗದ್ದಲವಾದಾಗ ಹೊರಗೆ ಕೂರುವ ಅನುಮತಿ ಸಾಕು. ಇನ್ನು ಕೆಲವರಿಗೆ ದುಡಿಮೆಯ ದಾರಿ ಬೇಕು. ಒಣದ್ರಾಕ್ಷಿಯನ್ನು ಬಣ್ಣ, ಗಾತ್ರ ನೋಡಿ ಬೇರ್ಪಡಿಸುವ ಕೆಲಸ ಈ ಭಾಗದಲ್ಲಿ ಬೇಕಾದಷ್ಟಿದೆ. ಒಂದೇ ಬಗೆಯ ಕೆಲಸವನ್ನು ತಪ್ಪಿಲ್ಲದೆ ಮಾಡಲು ಇಷ್ಟಪಡುವ ಯುವಕನಿಗೆ, ಕೂಲಿ ಪೂರ್ತಿ ಸಿಗುವಂತಿದ್ದರೆ, ಅದು ಗೌರವದ ಬದುಕಾದೀತು. ಆದರೆ ಗಂಧಕದ ಹೊಗೆ ಎಲ್ಲರಿಗೂ ಆಗದು, ಎಲ್ಲರಿಗೂ ದ್ರಾಕ್ಷಿಯೇ ಎಂದು ಹಣೆಬರಹ ಬರೆಯುವುದೂ ಸಲ್ಲದು. ಇಲ್ಲೂ ಅಳತೆ ಒಬ್ಬೊಬ್ಬರದೇ.

ಮತ್ತೂ ಕೆಲವರಿಗೆ ಜೀವನವಿಡೀ ನೆರವು ಬೇಕು. ತಮ್ಮ ನಂತರ ಯಾರು ಎಂಬ ಪ್ರಶ್ನೆ ಅಂಥವರ ತಂದೆತಾಯಿಯರನ್ನು ರಾತ್ರಿ ಎಚ್ಚರಿಸುತ್ತದೆ. ಇದಕ್ಕೆ ಪೂರ್ತಿ ಉತ್ತರ ಯಾವ ಶಾಲೆಯಲ್ಲೂ ಇಲ್ಲ. ಆದರೆ ತಾನೇ ಉಣ್ಣುವ, ತಾನೇ ಸ್ನಾನ ಮಾಡುವ, ನೋವಾದರೆ ಎಲ್ಲಿ ಎಂದು ತೋರಿಸಬಲ್ಲ ಮಗನನ್ನು ಬಿಟ್ಟು ಹೋಗುವುದಕ್ಕೂ ಇವಾವುದೂ ಬಾರದವನನ್ನು ಬಿಟ್ಟು ಹೋಗುವುದಕ್ಕೂ ಇರುವ ಅಂತರ ಆ ತಂದೆತಾಯಿಯರಿಗೇ ಗೊತ್ತು.

ಗೋಳಗುಮ್ಮಟದ ಗೋಡೆ ಪಿಸುಮಾತನ್ನು ಎದುರು ಬದಿಗೆ ಮುಟ್ಟಿಸುವುದು ಯಾರೋ ಜೋರಾಗಿ ಕೂಗಿದ್ದರಿಂದಲ್ಲ. ಆ ಗೋಡೆಯ ಬಾಗು ಹಾಗಿದೆ. ಮಗುವಿನ ಮಾತು ಮೆಲ್ಲಗಿದ್ದರೂ, ಚಿತ್ರವೊಂದನ್ನು ಕೈಗಿಡುವಷ್ಟೇ ಆಗಿದ್ದರೂ, ಅದು ಇನ್ನೊಬ್ಬರನ್ನು ಮುಟ್ಟುವಂತೆ ಶಾಲೆಯ ಬಾಗು ಇರಬೇಕು. ತಿಕೋಟಾದ ಒಂದು ಮನೆಯ ಪಡಸಾಲೆಯಲ್ಲಿ ಮಾತು ಬಾರದ ಹುಡುಗಿಯೊಬ್ಬಳು ಲೋಟದ ಚಿತ್ರ ತಂದು ಅಜ್ಜಿಯ ಕೈಗಿಟ್ಟು, ಅಜ್ಜಿ ಎದ್ದು ನೀರು ಕೊಟ್ಟ ದಿನ ಆ ಮನೆಗೆ ಶಾಲೆ ಬಂದಂತೆ.